ಒಳಗಿಬ್ಬರು, ಹೊರಗೈವರು

ಲಂಡನ್ನಿನ ಬಡತನದ ಮೊದಲ ದೊಡ್ಡ ನಕ್ಷೆ ಹುಟ್ಟಿದ್ದು ಶಾಲೆಯ ಹಾಜರಿ ನೋಡುವವರ ನೋಟ್‌ಬುಕ್ಕಿನಿಂದ. 1870ರ ಶಿಕ್ಷಣ ಕಾಯ್ದೆ ಬಂದ ಮೇಲೆ ಆ ನಗರದ ಸ್ಕೂಲ್ ಬೋರ್ಡು ಮಕ್ಕಳನ್ನು ಶಾಲೆಗೆ ಕರೆತರಲು ‘ವಿಸಿಟರ್’ ಎಂಬ ನೌಕರರನ್ನು ನೇಮಿಸಿತು. ಮನೆ ಮನೆಗೆ ಹೋಗಬೇಕು, ಶಾಲೆಯ ವಯಸ್ಸಿನ ಮಕ್ಕಳು ಎಷ್ಟು, ಅಪ್ಪನ ಕಸುಬು ಏನು ಎಂದು ಕೇಳಿ ಬರೆದುಕೊಳ್ಳಬೇಕು. ವರ್ಷ ವರ್ಷವೂ ಅದೇ ಬೀದಿ, ಅದೇ ಬಾಗಿಲು. ಯಾರ ಮನೆಯಲ್ಲಿ ಕೆಲಸ ಹೋಗಿದೆ, ಯಾವ ಹುಡುಗ ಕಾಲಿಗೆ ಬೂಟಿಲ್ಲದೆ ಮನೆಯಲ್ಲೇ ಉಳಿದಿದ್ದಾನೆ ಎಂಬುದನ್ನು ಅವರಷ್ಟು ಬಲ್ಲವರು ಊರಲ್ಲಿ ಇನ್ನಾರೂ ಇರಲಿಲ್ಲ.

ಚಾರ್ಲ್ಸ್ ಬೂತ್ ಎಂಬ ಹಡಗು ವ್ಯಾಪಾರಿಗೆ ಇದು ಗೊತ್ತಾಯಿತು. 1886ರಲ್ಲಿ ಆತ ಲಂಡನ್ನಿನಲ್ಲಿ ನಿಜಕ್ಕೂ ಎಷ್ಟು ಜನ ಬಡವರಿದ್ದಾರೆ ಎಂದು ಸ್ವಂತ ಖರ್ಚಿನಲ್ಲಿ ಲೆಕ್ಕ ಹಾಕಲು ಹೊರಟ. ಲಕ್ಷಗಟ್ಟಲೆ ಮನೆಗಳ ಕದ ತಟ್ಟುವುದು ಆಗದ ಮಾತು. ಆದರೆ ಕದ ತಟ್ಟಿ ಬಂದವರು ಇದ್ದರಲ್ಲ! ಬೂತ್ ಮತ್ತು ಅವನ ಸಹಾಯಕರು ವಿಸಿಟರುಗಳನ್ನು ಕೂರಿಸಿಕೊಂಡು, ಗಂಟೆಗಟ್ಟಲೆ ಅವರ ನೋಟ್‌ಬುಕ್ಕು ಓದಿಸಿ, ಕುಟುಂಬ ಕುಟುಂಬವನ್ನೂ ವಿಂಗಡಿಸಿದರು. 1889ರಲ್ಲಿ ಮೊದಲ ಸಂಪುಟ ಹೊರಬಂತು. ಜೊತೆಗೆ ನಕ್ಷೆ. ಸಿರಿವಂತರ ಬೀದಿಗೆ ಹಳದಿ, ಅನುಕೂಲಸ್ಥರಿಗೆ ಕೆಂಪು, ಪರವಾಗಿಲ್ಲ ಎನ್ನುವವರಿಗೆ ಗುಲಾಬಿ, ಬಡವರಿಗೆ ತಿಳಿನೀಲಿ, ಕಡುಬಡವರಿಗೆ ಕಡುನೀಲಿ, ತೀರ ಕೆಳಗಿನವರಿಗೆ ಕಪ್ಪು. ಬಡವರೂ ಉಳ್ಳವರೂ ಬೆರೆತ ಬೀದಿಗೆ ನೇರಳೆ. ಲೆಕ್ಕ ಮುಗಿದಾಗ ಇಡೀ ಲಂಡನ್ನಿನಲ್ಲಿ ನೂರಕ್ಕೆ ಸುಮಾರು 30 ಜನ ಬಡತನದಲ್ಲಿದ್ದರು. ಜಗತ್ತಿನ ಅತಿ ಶ್ರೀಮಂತ ನಗರ ಎಂದು ಬೀಗುತ್ತಿದ್ದ ಊರಿಗೆ ಇದು ಸಣ್ಣ ಸುದ್ದಿಯಲ್ಲ.

ಈ ಕತೆಯಲ್ಲಿ ಒಂದು ಸಣ್ಣ ವಿವರವಿದೆ, ಸಾಮಾನ್ಯವಾಗಿ ಯಾರೂ ಗಮನಿಸದ್ದು. ನಗರದ ಪೂರ್ವ ಭಾಗವಾದ ಈಸ್ಟ್ ಎಂಡ್‌ನಲ್ಲಿ ಬೂತ್ ಒಂದೊಂದು ಕುಟುಂಬವನ್ನೂ ಪ್ರತ್ಯೇಕವಾಗಿ ಎಣಿಸಿದ್ದ. ಆ ಕೆಲಸ ಎಷ್ಟು ಸುಸ್ತು ಮಾಡಿತೆಂದರೆ, ಉಳಿದ ಲಂಡನ್ನಿಗೆ ಹೋಗುವಾಗ ಕುಟುಂಬವನ್ನು ಬಿಟ್ಟು ಬೀದಿಯನ್ನೇ ಲೆಕ್ಕದ ಘಟಕ ಮಾಡಿಕೊಂಡ. ಬೀದಿಗೊಂದು ಬಣ್ಣ; ಆ ಬೀದಿಯವರೆಲ್ಲ ಆ ಬಣ್ಣದವರು. ಆತ ಮೋಸ ಮಾಡಲಿಲ್ಲ, ಏನು ಮಾಡಿದೆ ಎಂದು ಬರೆದೇ ಇಟ್ಟ. ಆದರೆ ಮನುಷ್ಯನನ್ನು ಬಿಟ್ಟು ಜಾಗವನ್ನು ಅಳೆಯುವ ಅಭ್ಯಾಸ, ಸಮಯ ಉಳಿಸಲೆಂದು, ಅಲ್ಲಿ ಹೀಗೆ ಒಳಗೆ ಬಂತು. ಮುಂದೆ ಎಂಬತ್ತು ವರ್ಷವಾದರೂ ಅದು ಹೊರಗೆ ಹೋಗಲಿಲ್ಲ.

ಆ ಎಂಬತ್ತು ವರ್ಷಗಳನ್ನು ಹಾರಿ ನೇರ 1963ಕ್ಕೆ ಬರೋಣ. ಇಂಗ್ಲೆಂಡಿನ ಶಿಕ್ಷಣ ಮಂತ್ರಿ ಎಡ್ವರ್ಡ್ ಬಾಯ್ಲ್ ಪ್ರಾಥಮಿಕ ಶಾಲೆಗಳ ಸ್ಥಿತಿ ನೋಡಿ ವರದಿ ಕೊಡಿ ಎಂದು ಕೇಂದ್ರ ಶಿಕ್ಷಣ ಸಲಹಾ ಮಂಡಳಿಗೆ ಹೇಳಿದರು. ಅಧ್ಯಕ್ಷೆ ಲೇಡಿ ಬ್ರಿಜೆಟ್ ಪ್ಲೌಡನ್. ಸದಸ್ಯರಲ್ಲಿ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್ ಇದ್ದರು. ‘ಮೆರಿಟಾಕ್ರಸಿ’ ಎಂಬ ಮಾತನ್ನು 1958ರಲ್ಲಿ ಪುಸ್ತಕದ ಹೆಸರಾಗಿಸಿ ಜನಪ್ರಿಯಗೊಳಿಸಿದವರು, ಅದೂ ಹೊಗಳಲೆಂದಲ್ಲ, ಗೇಲಿ ಮಾಡಲೆಂದು. ಸಮಿತಿಯವರು ಶಾಲೆಗಳನ್ನು ಸುತ್ತಿದರು. ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡಗಳು, ಅಂಗಳದಾಚೆ ಪಾಯಿಖಾನೆ, ಒಂದು ಟರ್ಮ್ ಮುಗಿಯುವುದರೊಳಗೆ ಬಿಟ್ಟು ಹೋಗುವ ಮೇಷ್ಟರುಗಳು. ಇನ್ನೊಂದು ಕಡೆ ಹಸಿರು ಹುಲ್ಲಿನ ಮೈದಾನದ ಹೊಸ ಶಾಲೆಗಳು. ಎರಡೂ ಸರ್ಕಾರದ ಹಣದಲ್ಲೇ ನಡೆಯುತ್ತಿದ್ದವು.

1967ರ ಜನವರಿಯಲ್ಲಿ ಪ್ಲೌಡನ್ ವರದಿ ಪ್ರಕಟವಾಯಿತು. ಎಲ್ಲ ಶಾಲೆಗೂ ಸಮಪಾಲು ಕೊಡುವುದು ನ್ಯಾಯವಲ್ಲ, ಕೆಲವಕ್ಕೆ ಹೆಚ್ಚು ಕೊಡುವುದೇ ನ್ಯಾಯ ಎಂದು ಅದು ನೇರವಾಗಿ ಹೇಳಿತು. ಇದಕ್ಕೆ ಅದು ಬಳಸಿದ ಮಾತು ‘ಪಾಸಿಟಿವ್ ಡಿಸ್ಕ್ರಿಮಿನೇಷನ್’, ಅಂದರೆ ಒಳ್ಳೆಯದಕ್ಕಾಗಿ ಮಾಡುವ ತಾರತಮ್ಯ. ಮೀಸಲಾತಿಯ ವಾದವಿವಾದ ಕೇಳುತ್ತಲೇ ಬೆಳೆದ ನಮಗೆ ಇದರಲ್ಲಿ ಹೊಸದೇನಿಲ್ಲ ಅನ್ನಿಸಬಹುದು. ಅಲ್ಲಿನ ಶಿಕ್ಷಣ ಇಲಾಖೆಗೆ ಅದು ಹೊಸ ಮಾತು. ಇಂಥ ಶಾಲೆಗಳಿರುವ ಭಾಗಗಳನ್ನು ‘ಶೈಕ್ಷಣಿಕ ಆದ್ಯತಾ ಪ್ರದೇಶ’ ಎಂದು ಗುರುತಿಸಬೇಕು, ಮೊದಲು ನೂರಕ್ಕೆ 2ರಷ್ಟು ಮಕ್ಕಳನ್ನು, 1972ರ ಹೊತ್ತಿಗೆ ನೂರಕ್ಕೆ 10ರಷ್ಟನ್ನು ಅದರೊಳಗೆ ತರಬೇಕು ಎಂದಿತು. ತರಗತಿಗೆ 30 ಮಕ್ಕಳಿಗಿಂತ ಹೆಚ್ಚು ಬೇಡ. ಅಲ್ಲಿ ಕಲಿಸುವ ಶಿಕ್ಷಕರಿಗೆ ವರ್ಷಕ್ಕೆ 120 ಪೌಂಡು ಹೆಚ್ಚು ಕೊಡಿ.

ಸರಿ, ಆದರೆ ಯಾವ ಶಾಲೆ?

ಸಮಿತಿ ಗುರುತುಗಳನ್ನೂ ಕೊಟ್ಟಿತ್ತು. ತಂದೆಯ ಕಸುಬು. ಮನೆಯಲ್ಲಿ ಮಕ್ಕಳ ಸಂಖ್ಯೆ. ಸರ್ಕಾರದಿಂದ ಸಿಗುವ ನೆರವು, ಅದರಲ್ಲಿ ಶಾಲೆಯ ಉಚಿತ ಊಟವೂ ಸೇರಿ. ಇಕ್ಕಟ್ಟಿನ ವಠಾರ. ಶಾಲೆಗೆ ಚಕ್ಕರ್ ಹೊಡೆಯುವವರ ಪ್ರಮಾಣ. ಕಲಿಕೆಯಲ್ಲಿ ತೀರ ಹಿಂದುಳಿದವರು, ಅಂಗವೈಕಲ್ಯವಿದ್ದವರು. ಒಬ್ಬರೇ ಪಾಲಕರಿರುವ ಮನೆ. ಇಂಗ್ಲಿಷ್ ಬಾರದ ಮಕ್ಕಳು. ಪಟ್ಟಿಯೇನೋ ಚೆನ್ನಾಗಿತ್ತು. ಇವುಗಳನ್ನು ಹೇಗೆ ಕೂಡಿಸಬೇಕು ಎಂದು ಮಾತ್ರ ಅದು ಹೇಳಲಿಲ್ಲ. ಇಕ್ಕಟ್ಟಿನ ಮನೆ ಎಷ್ಟಿದ್ದರೆ ಎಷ್ಟು ಗೈರುಹಾಜರಿಗೆ ಸಮ?

ಸರ್ಕಾರ ಅವಸರದಲ್ಲಿ ಎರಡು ಕೆಲಸ ಮಾಡಿತು. ಹಳೆಯ ಕಟ್ಟಡಗಳಿಗೆಂದು ಎರಡು ವರ್ಷಕ್ಕೆ 160 ಲಕ್ಷ ಪೌಂಡು ತೆಗೆದಿಟ್ಟಿತು. ಇನ್ನು ಶಿಕ್ಷಕರ ಭತ್ಯೆ: ಸಮಿತಿ ಕೇಳಿದ್ದು 120, ಸಿಕ್ಕಿದ್ದು 75. ಸ್ಥಳೀಯ ಆಡಳಿತಗಳು ಅರ್ಜಿ ಹಾಕಿದವು, ಇಲಾಖೆ ಒರೆಸಿ ಅಳಿಸಿ ಕೊನೆಗೆ 572 ಶಾಲೆಗಳನ್ನು ‘ಅಸಾಧಾರಣ ಕಷ್ಟದ ಶಾಲೆ’ ಎಂದು ಒಪ್ಪಿಕೊಂಡಿತು. ದೇಶದಲ್ಲಿದ್ದ ಪ್ರಾಥಮಿಕ ಶಾಲೆಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಲಂಡನ್ನಿನವರು ಮಾತ್ರ ಅಂದಾಜಿಗೆ ಬಿಡಲಿಲ್ಲ. ಥೇಮ್ಸ್ ನದಿಯ ದಂಡೆಯಲ್ಲಿ, ಪಾರ್ಲಿಮೆಂಟಿನ ಎದುರು ದಡದಲ್ಲಿ ಕೌಂಟಿ ಹಾಲ್ ಎಂಬ ದೊಡ್ಡ ಕಚೇರಿಯಿತ್ತು. ಒಳಲಂಡನ್ನಿನ ಶಿಕ್ಷಣ ಪ್ರಾಧಿಕಾರ ಇದ್ದದ್ದು ಅಲ್ಲಿ. ಅದರ ಸಂಶೋಧನೆ ಮತ್ತು ಅಂಕಿಅಂಶ ವಿಭಾಗದ ಮುಖ್ಯಸ್ಥ ಅಲನ್ ಲಿಟ್ಲ್ ಹಾಗೂ ಅವರ ಸಹೋದ್ಯೋಗಿ ಕ್ರಿಸ್ಟೀನ್ ಮೇಬಿ ಪ್ಲೌಡನ್ ಪಟ್ಟಿಯನ್ನು ಎತ್ತಿಕೊಂಡು ನಿಜವಾದ ತಕ್ಕಡಿ ಮಾಡಲು ಕೂತರು. ಪಟ್ಟಿಗೆ ಎರಡು ಹೊಸ ಸಂಗತಿ ಸೇರಿದವು: ವರ್ಷಕ್ಕೆ ಎಷ್ಟು ಶಿಕ್ಷಕರು ಬಿಟ್ಟು ಹೋಗುತ್ತಾರೆ, ಎಷ್ಟು ಮಕ್ಕಳು ನಡುವರ್ಷದಲ್ಲಿ ಬರುತ್ತಾರೆ, ಹೋಗುತ್ತಾರೆ. ಒಟ್ಟು ಹತ್ತು ಅಳತೆ. ಒಂದೊಂದನ್ನೂ ಒಂದೇ ಮಾಪಕಕ್ಕೆ ಇಳಿಸಿ ಕೂಡಿಸಿದರು. ಪ್ರತಿ ಪ್ರಾಥಮಿಕ ಶಾಲೆಗೂ ಒಂದು ಅಂಕ ಬಂತು. ಅಂಕದ ಮೇಲೆ ಸಾಲು ಹಚ್ಚಿದರೆ ಮೇಲಿಂದ ಇಂತಿಷ್ಟು ಶಾಲೆ ಆದ್ಯತೆಯವು.

ಇದನ್ನು ಲಘುವಾಗಿ ನೋಡಬಾರದು. ಅದುವರೆಗೆ ‘ಪಾಪದ ಶಾಲೆ’ ಯಾವುದು ಎಂಬುದು ಇನ್‌ಸ್ಪೆಕ್ಟರ ಅನಿಸಿಕೆ, ಕೌನ್ಸಿಲರ ವಶೀಲಿ. ಈಗ ಯಾವ ಹೆಡ್‌ಮಾಸ್ಟರಾದರೂ ನಮ್ಮ ಶಾಲೆಗೆ ಯಾಕಿಲ್ಲ ಎಂದು ಕೇಳಿದರೆ ಕಾಗದ ತೋರಿಸಬಹುದಿತ್ತು. ಜಗತ್ತಿನ ಬೇರೆ ಬೇರೆ ದೇಶಗಳು ಇಂದು ಬಳಸುವ ಶಾಲಾ ಸೂಚ್ಯಂಕಗಳೆಲ್ಲ ಒಂದಲ್ಲ ಒಂದು ರೀತಿ ಈ ಹತ್ತರ ತಕ್ಕಡಿಯ ನೆಂಟರು.

ತಕ್ಕಡಿಯ ತಟ್ಟೆಯಲ್ಲಿ ಕೂತದ್ದು ಏನು ಎಂದು ಮಾತ್ರ ಸ್ವಲ್ಪ ಬಗ್ಗಿ ನೋಡಬೇಕು. ಮಕ್ಕಳ ಮನೆಯ ಇಕ್ಕಟ್ಟು, ತಂದೆಯ ಕಸುಬು ಇತ್ಯಾದಿಗೆ ಶಾಲೆಯಲ್ಲಿ ದಾಖಲೆ ಇರಲಿಲ್ಲ. ಅದಕ್ಕೆ ಶಾಲೆಯ ಸುತ್ತಮುತ್ತಲ ಬೀದಿಗಳ ಜನಗಣತಿಯನ್ನು ತೆಗೆದುಕೊಂಡರು. ಬೂತ್ ಮಾಡಿದ್ದೂ ಅದನ್ನೇ. ಸುತ್ತಲಿನ ಬೀದಿ ಕಡುನೀಲಿಯಾದರೆ ಶಾಲೆಯ ಮಕ್ಕಳೂ ಕಡುನೀಲಿ.

ಇದೇ ಹೊತ್ತಿನಲ್ಲಿ ಆಕ್ಸ್‌ಫರ್ಡಿನ ಎ.ಎಚ್. ಹಾಲ್ಸಿ ಎಂಬ ಸಮಾಜಶಾಸ್ತ್ರಜ್ಞರು ಐದು ಕಡೆ ಪ್ರಯೋಗ ಶುರು ಮಾಡಿದ್ದರು. ರೈಲ್ವೆ ಪೋರ್ಟರ್ ಒಬ್ಬರ ಮಗ, ಸ್ಕಾಲರ್‌ಶಿಪ್ಪಿನ ಏಣಿ ಹತ್ತಿ ಬಂದವರು. ಲಂಡನ್ನಿನ ಡೆಪ್ಟ್‌ಫರ್ಡ್, ಬರ್ಮಿಂಗ್‌ಹ್ಯಾಮ್, ಲಿವರ್‌ಪೂಲ್, ಯಾರ್ಕ್‌ಷೈರಿನ ವೆಸ್ಟ್ ರೈಡಿಂಗ್‌ನ ಗಣಿ ಊರುಗಳು, ಸ್ಕಾಟ್ಲೆಂಡಿನ ಡಂಡೀ. 1968ರಿಂದ ಮೂರು ವರ್ಷ ಅಲ್ಲಿ ಬಾಲವಾಡಿ ನಡೆಸಿದರು, ಪಾಠ ಬದಲಿಸಿದರು, ತಾಯಂದಿರನ್ನು ಶಾಲೆಗೆ ಕರೆದರು, ಏನಾಯಿತು ಎಂದು ಅಳೆದರು. ಡೆಪ್ಟ್‌ಫರ್ಡಿನ ಪ್ರಯೋಗದಲ್ಲಿ ಕೆಲಸ ಮಾಡಿದವರಲ್ಲಿ ಜ್ಯಾಕ್ ಬಾರ್ನ್ಸ್ ಒಬ್ಬರು. ಆದ್ಯತಾ ಶಾಲೆಯೊಳಗೆ ದಿನವೂ ಓಡಾಡುವವರು. ಬಾಗಿಲಲ್ಲಿ ನಿಂತು ಮಕ್ಕಳನ್ನು ನೋಡುವವರಿಗೆ, ಇವರೆಲ್ಲ ಒಂದೇ ಬಗೆಯ ಮಕ್ಕಳಲ್ಲ ಎಂಬುದು ತಿಳಿಯದೆ ಇರುವುದಿಲ್ಲ.

ಬಾರ್ನ್ಸ್ ಮತ್ತು ಅವರ ಜೊತೆಗಾರ ಹೆನ್ರಿ ಲೂಕಸ್‌ಗೆ ಬೇಕಾದ ದಾಖಲೆ ಎಲ್ಲಿತ್ತು ಗೊತ್ತೇ? ಅದೇ ಪ್ರಾಧಿಕಾರದ ಕೈಯಲ್ಲಿ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ ಎನ್ನುತ್ತಾರಲ್ಲ, ಹಾಗೆ. 1968ರಲ್ಲಿ ಪ್ರಾಧಿಕಾರ ತನ್ನ ಶಾಲೆಗಳ ಎಂಟು ವರ್ಷದ ಮಕ್ಕಳಿಗೆಲ್ಲ ಓದುವ ಪರೀಕ್ಷೆ ಇಟ್ಟಿತ್ತು. ಜೊತೆಗೆ ಪ್ರತಿ ಮಗುವಿನ ಬಗ್ಗೆ ಶಿಕ್ಷಕರಿಂದ ಒಂದು ನಮೂನೆ ಭರ್ತಿ ಮಾಡಿಸಿತ್ತು: ತಂದೆಯ ಕೆಲಸ, ಮನೆಯಲ್ಲಿ ಮಕ್ಕಳೆಷ್ಟು, ಉಚಿತ ಊಟ ಇದೆಯೇ, ಹೊರದೇಶದಿಂದ ಬಂದವರೇ. ಶಾಲೆಯ ಸರಾಸರಿ ಅದರಲ್ಲಿ ಇರಲಿಲ್ಲ. ಒಂದೊಂದು ಮಗುವಿಗೂ ಒಂದೊಂದು ಹಾಳೆ ಇತ್ತು.

ಅವರು ಕೇಳಿದ್ದು ಒಂದು ಸರಳ ಪ್ರಶ್ನೆ. ಶಾಲೆಯ ಅಂಕ ಒತ್ತಟ್ಟಿಗಿರಲಿ, ನಾಲ್ಕೂ ಕಡೆಯಿಂದ ಕಷ್ಟ ಮುತ್ತಿದ ಮಕ್ಕಳನ್ನು ಹಾಳೆಯಿಂದಲೇ ಹೆಕ್ಕಿ ತೆಗೆಯೋಣ. ಅವರಲ್ಲಿ ಎಷ್ಟು ಜನ ಆದ್ಯತಾ ಶಾಲೆಗಳಲ್ಲಿದ್ದಾರೆ?

1970ರ ದಶಕದ ನಡುಭಾಗದಲ್ಲಿ ಉತ್ತರ ಅಚ್ಚಾಯಿತು. ಅಂಥ ಮಕ್ಕಳಲ್ಲಿ ಇಬ್ಬರು ಆದ್ಯತಾ ಶಾಲೆಯ ಒಳಗಿದ್ದರೆ ಐವರು ಹೊರಗಿದ್ದರು. ಅಷ್ಟೇ ಅಲ್ಲ, ಆದ್ಯತಾ ಶಾಲೆಯೊಳಗೂ ಕಷ್ಟದ ಮಕ್ಕಳಿಗಿಂತ ಅಷ್ಟೇನೂ ಕಷ್ಟವಿಲ್ಲದ ಮಕ್ಕಳೇ ಹೆಚ್ಚಿದ್ದರು.

ಇದು ಹೇಗೆ ಸಾಧ್ಯ ಎಂದು ಮೊದಲ ಸಲ ಓದಿದಾಗ ನನಗೂ ಅನ್ನಿಸಿತ್ತು. ಲೆಕ್ಕ ತಪ್ಪಿರಬೇಕು, ಇಲ್ಲವೇ ತಕ್ಕಡಿ ಕೆಟ್ಟಿರಬೇಕು. ಎರಡೂ ಅಲ್ಲ. ಒಂದು ಊರನ್ನು ಕಲ್ಪಿಸಿಕೊಳ್ಳಿ. ಹತ್ತು ಶಾಲೆ, ತಲಾ 100 ಮಕ್ಕಳು. ಎರಡು ಶಾಲೆಗಳಲ್ಲಿ 40 ಬಡಮಕ್ಕಳು, ಉಳಿದ ಎಂಟರಲ್ಲಿ 25. ತಕ್ಕಡಿ ಸರಿಯಾಗಿಯೇ ಇದೆ, ಅತಿ ಬಡ ಶಾಲೆಗಳೆರಡನ್ನೂ ಅದು ಸರಿಯಾಗಿ ಹಿಡಿಯುತ್ತದೆ. ಆ ಎರಡರಲ್ಲಿ ಸಿಗುವ ಬಡಮಕ್ಕಳು 80. ಉಳಿದ ಎಂಟು ಶಾಲೆಗಳಲ್ಲಿ ಚೆದುರಿರುವವರು 200. ಎರಡಕ್ಕೆ ಐದು! ಆ ಎರಡು ಶಾಲೆಯೊಳಗೂ 40ರ ಎದುರು 60. ತಪ್ಪೆಂಬುದು ಎಲ್ಲೂ ಇಲ್ಲ. ಬಡ ಶಾಲೆ ಕಡಿಮೆ, ಬಡಮಕ್ಕಳು ಹೆಚ್ಚು, ಅವರು ಒಂದೇ ಕಡೆ ಗುಂಪಾಗಿ ಕೂತಿಲ್ಲ, ಅಷ್ಟೇ.

ಅಂಕಿಅಂಶದವರಿಗೆ ಈ ಹಳ್ಳದ ಪರಿಚಯ ಮೊದಲೇ ಇತ್ತು. 1950ರಲ್ಲಿ ಡಬ್ಲ್ಯು.ಎಸ್. ರಾಬಿನ್ಸನ್ ಎಂಬ ಅಮೆರಿಕನ್ ಸಮಾಜಶಾಸ್ತ್ರಜ್ಞ ತನ್ನ ದೇಶದ 1930ರ ಜನಗಣತಿಯನ್ನು ತೆಗೆದು ಒಂದು ಚಮತ್ಕಾರ ತೋರಿಸಿದ್ದ. ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು; ರಾಜ್ಯಗಳ ಲೆಕ್ಕದಲ್ಲಿ ಎರಡರ ನಡುವಿನ ಸಂಬಂಧ ಮೈನಸ್ 0.53. ಹಾಗಾದರೆ ವಲಸಿಗರು ಹೆಚ್ಚು ಓದಿದವರೇ? ವ್ಯಕ್ತಿಗಳನ್ನೇ ಎಣಿಸಿದರೆ ಸಂಬಂಧ ತಿರುಗಿ ಪ್ಲಸ್ 0.12 ಆಯಿತು. ವಲಸಿಗರಲ್ಲಿ ಅನಕ್ಷರಸ್ಥರು ಸ್ವಲ್ಪ ಹೆಚ್ಚೇ ಇದ್ದರು; ಅವರು ಹೋಗಿ ನೆಲೆಸಿದ್ದು ಮಾತ್ರ ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಲ್ಲಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯೊಳಗಿನ ಬಿಸಿ ಎಲ್ಲ ಅಗುಳಿಗೂ ಒಂದೇ. ಬೀದಿ, ತಾಲ್ಲೂಕು, ರಾಜ್ಯಗಳೊಳಗೆ ಹಾಗೆ ಎಲ್ಲರಿಗೂ ಒಂದೇ ಬಿಸಿ ತಾಗುವುದಿಲ್ಲ.

ಲಂಡನ್ನಿನ ಹೊಸತನ ಇದ್ದದ್ದು, ಈ ತತ್ವಕ್ಕೆ ಮಕ್ಕಳ ಮುಖ ಅಂಟಿಸಿದ್ದರಲ್ಲಿ. ಬಡತನದ ವಿಷಯದಲ್ಲಿ ಬ್ರಿಟನ್ನಿನ ದೊಡ್ಡ ಹೆಸರಾದ ಪೀಟರ್ ಟೌನ್‌ಸೆಂಡ್ 1976ರ ಒಂದು ಉಪನ್ಯಾಸದಲ್ಲಿ ಇದೇ ವಾದವನ್ನು ಇನ್ನಷ್ಟು ಹರಿತಗೊಳಿಸಿದರು: ಪ್ರದೇಶ ನೋಡಿ ನೆರವು ಹಂಚಿದರೆ ಬಡವರಲ್ಲಿ ಹೆಚ್ಚಿನವರು ತಪ್ಪಿಹೋಗುತ್ತಾರೆ. ಆದ್ಯತಾ ಪ್ರದೇಶ ಎಂಬ ಕಲ್ಪನೆಯ ಮೇಲೆ ತಣ್ಣೀರು ಬಿತ್ತು.

ನನಗೆ ಇಲ್ಲಿ ಸ್ವಲ್ಪ ತಕರಾರಿದೆ. ‘ಇಬ್ಬರಿಗೆ ಐವರು’ ಎಂಬ ಸಂಗತಿ ಎಷ್ಟು ಆಕರ್ಷಕವಾಗಿತ್ತೆಂದರೆ, ಜಿಪುಣರಿಗೂ ಅದು ಅನುಕೂಲವಾಯಿತು. ಶಾಲೆಗೆ ಹಣ ಕೊಟ್ಟರೆ ಬಡವನಿಗೆ ಸೇರದು, ಆದ್ದರಿಂದ ಕೊಡುವುದೇ ಬೇಡ ಎಂದವರೂ ಇದ್ದರು. ಮೇಲಿನ ಕಲ್ಪನೆಯ ಊರಿಗೇ ಹೋಗಿ ನೋಡಿ. ತರಗತಿಯಲ್ಲಿ ನೂರಕ್ಕೆ 40 ಮಕ್ಕಳು ಹಸಿದು ಬರುವ ಶಾಲೆಯ ಮೇಷ್ಟರ ದಿನವೇ ಬೇರೆ, 25 ಇರುವ ಕಡೆಯ ದಿನವೇ ಬೇರೆ. ಬಿಟ್ಟು ಹೋಗುವ ಶಿಕ್ಷಕರು, ಸೋರುವ ಮಾಡು, ನಡುವರ್ಷದಲ್ಲಿ ಬಂದು ಹೋಗುವ ಮಕ್ಕಳು, ಇವು ಯಾವ ಒಬ್ಬ ಮಗುವಿನ ಕಷ್ಟವೂ ಅಲ್ಲ, ಶಾಲೆಯದೇ ಕಷ್ಟ. ಶಾಲೆಯ ಕಷ್ಟಕ್ಕೆ ಶಾಲೆಯನ್ನೇ ಅಳೆಯಬೇಕು. ಹಾಲ್ಸಿಯವರ ನಿಲುವೂ ಹೆಚ್ಚುಕಡಿಮೆ ಇದೇ ಆಗಿತ್ತು. ಎರಡು ಬೇರೆ ಬೇರೆ ರೋಗಕ್ಕೆ ಒಂದೇ ಥರ್ಮಾಮೀಟರು ಹಿಡಿದದ್ದು ಎಡವಟ್ಟಾಯಿತು ಎನ್ನಬಹುದು. ರೋಗವೇ ಇಲ್ಲ ಎನ್ನಲಾಗದು.

ಪ್ರಾಧಿಕಾರ ಪಾಠ ಕಲಿಯಿತು. 1980ರ ದಶಕದ ಆರಂಭದಲ್ಲಿ ಅದು ಹಳೆಯ ಸೂಚ್ಯಂಕವನ್ನು ಬಿಟ್ಟು ಹೊಸದನ್ನು ಕಟ್ಟಿತು. ಈ ಸಲ ಬೀದಿಯ ಜನಗಣತಿ ಬೇಡವಾಯಿತು, ಶಾಲೆಯೊಳಗಿನ ಮಕ್ಕಳ ಬಗ್ಗೆಯೇ ಸಮೀಕ್ಷೆ ನಡೆಯಿತು. ಉಚಿತ ಊಟ, ದೊಡ್ಡ ಕುಟುಂಬ, ಒಂಟಿ ಪಾಲಕರು, ಪಾಲಕರ ಕೆಲಸ ಅಥವಾ ನಿರುದ್ಯೋಗ, ಇಂಗ್ಲಿಷ್ ಮಾತಿನ ಹಿಡಿತ. ಪಮೆಲಾ ಸಾಮನ್ಸ್, ಪೀಟರ್ ಮಾರ್ಟಿಮೋರ್ ಮೊದಲಾದವರು ಈ ಕೆಲಸದಲ್ಲಿದ್ದರು. ಅವರು ಕಂಡುಕೊಂಡ ಒಂದು ಸಂಗತಿ: ಇವುಗಳಲ್ಲಿ ಒಂದೇ ಇದ್ದ ಮಗು ಓದಿನಲ್ಲಿ ಸ್ವಲ್ಪ ಹಿಂದೆ, ಎರಡಿದ್ದರೆ ಇನ್ನಷ್ಟು, ಮೂರು ನಾಲ್ಕು ಕೂಡಿಬಿಟ್ಟರೆ ಬಹಳ ಹಿಂದೆ. ಕಷ್ಟಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಇದನ್ನು ಲೆಕ್ಕದಲ್ಲಿ ತೋರಿಸಿ ಕೆಲವೇ ವರ್ಷಗಳಾಗುವಷ್ಟರಲ್ಲಿ, 1990ರಲ್ಲಿ, ಆ ಪ್ರಾಧಿಕಾರವನ್ನೇ ಸರ್ಕಾರ ಮುಚ್ಚಿತು. ಅದು ಬೇರೆ ರಾಜಕೀಯ.

ಹೊರಗಿನವರು ಬೇರೆ ಬೇರೆ ದಾರಿ ಹಿಡಿದರು. ನೆದರ್ಲೆಂಡ್ಸ್ 1985ರಿಂದ ಮಗುವಿಗೇ ತೂಕ ಕಟ್ಟಿತು: ಸಾಮಾನ್ಯ ಮಗು ಒಂದು ಎಂದು ಲೆಕ್ಕ, ಕಡಿಮೆ ಓದಿದ ಡಚ್ ತಂದೆತಾಯಿಯ ಮಗು 1.25, ಕಡಿಮೆ ಓದಿದ ವಲಸಿಗರ ಮಗು 1.9. ಶಿಕ್ಷಕರ ಹುದ್ದೆ ಹಂಚುವಾಗ ಆ ಒಂದು ಮಗು ಹೆಚ್ಚುಕಡಿಮೆ ಇಬ್ಬರಾಗುತ್ತಿತ್ತು. ನ್ಯೂಜಿಲೆಂಡ್ 1995ರಲ್ಲಿ ಶಾಲೆಗಳನ್ನು ಒಂದರಿಂದ ಹತ್ತರವರೆಗಿನ ಮೆಟ್ಟಿಲಿನಲ್ಲಿ ನಿಲ್ಲಿಸಿತು, ಒಂದನೆಯ ಮೆಟ್ಟಿಲಿಗೆ ಹೆಚ್ಚು ನೆರವು. ಪಾಲಕರು ಅದನ್ನು ಶಾಲೆಯ ಗುಣಮಟ್ಟದ ಅಂಕವೆಂದು ಓದಿಕೊಂಡು, ಕೆಳಗಿನ ಮೆಟ್ಟಿಲಿನ ಶಾಲೆಯಿಂದ ಮಕ್ಕಳನ್ನು ಬಿಡಿಸಿಕೊಂಡು ಮೇಲಿನದಕ್ಕೆ ಹೋದರು. ಸಹಾಯಕ್ಕೆಂದು ಹಚ್ಚಿದ ಕುಂಕುಮ ಕಳಂಕವಾಯಿತು. 2023ರಲ್ಲಿ ಆ ಮೆಟ್ಟಿಲನ್ನು ತೆಗೆದು ಬೇರೆ ಸೂಚ್ಯಂಕ ತಂದರು.

ಇಂಗ್ಲೆಂಡು ಹಿಡಿದದ್ದು ಊಟದ ತಟ್ಟೆಯನ್ನು.

ಆ ತಟ್ಟೆಗೆ ತನ್ನದೇ ಹಳೆಯ ಕತೆಯಿದೆ. 1906ರಲ್ಲಿ ಪಾರ್ಲಿಮೆಂಟು ಶಾಲೆಯಲ್ಲಿ ಊಟ ಕೊಡಲು ಸ್ಥಳೀಯ ಆಡಳಿತಗಳಿಗೆ ಅನುಮತಿ ಕೊಟ್ಟಿತು. ಉಣ್ಣೆ ಗಿರಣಿಗಳ ಊರಾದ ಬ್ರಾಡ್‌ಫರ್ಡಿನಲ್ಲಿ ಇದಕ್ಕಾಗಿ ಮೊದಲಿಂದಲೂ ಹೋರಾಟ ನಡೆದಿತ್ತು. 1907ರ ಬೇಸಿಗೆಯಲ್ಲಿ ಅಲ್ಲಿನ ಶಾಲಾ ವೈದ್ಯ ರಾಲ್ಫ್ ಕ್ರೌಲಿ ಗ್ರೀನ್ ಲೇನ್ ಶಾಲೆಯಲ್ಲಿ 40 ಬಡಮಕ್ಕಳಿಗೆ ದಿನಾ ಬೆಳಗಿನ ಗಂಜಿ, ಮಧ್ಯಾಹ್ನದ ಊಟ ಕೊಟ್ಟು ವಾರ ವಾರ ತೂಕ ನೋಡಿದರು. ತೂಕದ ಗೆರೆ ಮೇಲೇರಿತು. ನಡುವೆ ವಿಟ್ಸನ್ ಹಬ್ಬದ ರಜೆ ಬಂತು, ಊಟ ನಿಂತಿತು, ಗೆರೆ ಧಡಕ್ಕನೆ ಕೆಳಗೆ ಬಿತ್ತು. ಶಾಲೆ ತೆರೆದ ಮೇಲೆ ಮತ್ತೆ ಏರಿತು. ಯಾವ ಸೂಚ್ಯಂಕವೂ ಇಷ್ಟು ಬಾಯಿಬಿಟ್ಟು ಹೇಳಲಾರದು. ರಜೆಯಲ್ಲಿ ತೂಕ ಕಳೆದುಕೊಳ್ಳುವ ಮಗು ಯಾವುದು ಎಂದು ತಿಳಿದರೆ ಸಾಕು, ಮನೆಯ ಸ್ಥಿತಿ ಕೇಳಬೇಕಿಲ್ಲ.

ಹೀಗೆ ಹಸಿವಿಗೆಂದು ಹುಟ್ಟಿದ ಊಟ ಮುಂದೆ ಲೆಕ್ಕಕ್ಕೂ ಸಿಕ್ಕಿತು. ಅಲ್ಲಿ ಉಳ್ಳವರ ಮಕ್ಕಳು ದುಡ್ಡು ಕೊಟ್ಟು ತಿನ್ನುತ್ತಿದ್ದರು, ಸರ್ಕಾರಿ ನೆರವಿನ ಮೇಲಿದ್ದ ಮನೆಯವರಿಗೆ ಮಾತ್ರ ಬಿಟ್ಟಿ. ಬಿಟ್ಟಿ ಊಟಕ್ಕೆ ಹೆಸರು ಬಂತೆಂದರೆ ಆ ಮನೆಯ ಬಡತನವನ್ನು ಬೇರೆ ಯಾವುದೋ ಇಲಾಖೆ ಆಗಲೇ ಪರೀಕ್ಷಿಸಿ ಮೊಹರು ಒತ್ತಿದೆ ಎಂದರ್ಥ. ಶಾಲೆ ಏನನ್ನೂ ಹೊಸದಾಗಿ ಕೇಳಬೇಕಿಲ್ಲ. 2002ರ ಜನವರಿಯಿಂದ ಇಂಗ್ಲೆಂಡಿನ ಶಾಲೆಗಳು ಒಟ್ಟು ಸಂಖ್ಯೆಯ ಬದಲು ಒಂದೊಂದು ಮಗುವಿನ ವಿವರವನ್ನೇ ಕಳಿಸತೊಡಗಿದವು. 2011ರಲ್ಲಿ ‘ಪ್ಯೂಪಿಲ್ ಪ್ರೀಮಿಯಂ’ ಬಂತು: ಉಚಿತ ಊಟದ ಪ್ರತಿ ಮಗುವಿಗೂ ಶಾಲೆಗೆ ಆ ವರ್ಷ 488 ಪೌಂಡು. ಮಗು ಯಾವ ಶಾಲೆಗೆ ಹೋದರೂ ಹಣ ಅದರ ಹಿಂದೆ ಹೋಗುತ್ತದೆ. ಹೊರಗುಳಿದಿದ್ದ ಐವರೂ ಈಗ ಲೆಕ್ಕದೊಳಗೆ. ಮರುವರ್ಷ ಇನ್ನೊಂದು ತಿದ್ದುಪಡಿ: ಹಿಂದಿನ ಆರು ವರ್ಷಗಳಲ್ಲಿ ಒಮ್ಮೆ ಉಚಿತ ಊಟ ಪಡೆದಿದ್ದರೂ ಸಾಕು. ಅಪ್ಪನಿಗೆ ನಾಲ್ಕು ತಿಂಗಳು ಕೆಲಸ ಸಿಕ್ಕ ಮಾತ್ರಕ್ಕೆ ಮಗುವಿನ ಕಷ್ಟ ಮುಗಿಯುವುದಿಲ್ಲ ಎಂಬ ತಿಳಿವಳಿಕೆ ಅದರಲ್ಲಿತ್ತು.

ಎಲ್ಲ ಸರಿಹೋಯಿತೇ? ತಟ್ಟೆಯಲ್ಲೂ ತೂತಿತ್ತು. ಗ್ರಹಾಂ ಹಾಬ್ಸ್ ಮತ್ತು ಆನಾ ವಿನ್ಯೋಲ್ಸ್ ಎಂಬ ಅರ್ಥಶಾಸ್ತ್ರಜ್ಞರು ಉಚಿತ ಊಟದ ಮಕ್ಕಳ ಮನೆಯ ನಿಜವಾದ ಆದಾಯವನ್ನು ತಾಳೆ ನೋಡಿದರು. ಉಚಿತ ಊಟದವರೆಲ್ಲ ಅತಿ ಬಡವರಾಗಿರಲಿಲ್ಲ. ಕೆಲಸವಿಲ್ಲದೆ ಸರ್ಕಾರಿ ಭತ್ಯೆಯಲ್ಲಿ ಬದುಕುವ ಮನೆಗಿಂತ, ಚಿಲ್ಲರೆ ಸಂಬಳಕ್ಕೆ ದುಡಿದು ಭತ್ಯೆ ಸಿಗದೆ ಇರುವ ಮನೆ ಕೆಲವೊಮ್ಮೆ ಇನ್ನೂ ಬಡವಾಗಿತ್ತು. ಆ ಮನೆಯ ಮಗು ಮಾತ್ರ ದುಡ್ಡು ಕೊಟ್ಟು ತಿನ್ನುವ ಸಾಲಿನಲ್ಲಿ. ಇನ್ನು ಮಾನದ ಪ್ರಶ್ನೆ: ಬಿಟ್ಟಿ ಊಟಕ್ಕೆ ಬೇರೆ ಟಿಕೆಟ್ಟು, ಬೇರೆ ಸಾಲು ಇದ್ದ ಕಾಲದಲ್ಲಿ ಎಷ್ಟೋ ತಾಯಂದಿರು ಅರ್ಜಿಯನ್ನೇ ಹಾಕುತ್ತಿರಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಸರ್ಕಾರ ಚಿಕ್ಕ ತರಗತಿಗಳ ಎಲ್ಲ ಮಕ್ಕಳಿಗೂ ಊಟ ಉಚಿತ ಎಂದಿತು. ಒಳ್ಳೆಯ ಕೆಲಸ. ಆದರೆ ಹೇಗಿದ್ದರೂ ಊಟ ಸಿಗುವಾಗ ಅರ್ಜಿ ತುಂಬುವವರು ಯಾರು? ಅರ್ಜಿ ಇಲ್ಲದಿದ್ದರೆ ಪ್ರೀಮಿಯಂ ಇಲ್ಲ. ಹೆಡ್‌ಮಾಸ್ಟರುಗಳು ಪಾಲಕರ ಹಿಂದೆ ಬಿದ್ದು, ಊಟಕ್ಕಲ್ಲ, ದಯವಿಟ್ಟು ಶಾಲೆಗಾಗಿ ಒಂದು ಸಹಿ ಹಾಕಿ ಎಂದು ಬೇಡುವಂತಾಯಿತು. 2018ರಲ್ಲಿ ಹೊಸ ಭತ್ಯೆ ಪದ್ಧತಿಗೆ ಗಡಿ ಗೀಚಿದರು: ಮನೆಯ ದುಡಿಮೆ ವರ್ಷಕ್ಕೆ 7,400 ಪೌಂಡು ದಾಟಿದರೆ ಇಲ್ಲ. ಆ ಗೆರೆಯ ಆಚೆಗೆ ಒಂದು ಪೌಂಡು ಹೆಚ್ಚು ಗಳಿಸಿದವರು ರಾತ್ರೋರಾತ್ರಿ ಶ್ರೀಮಂತರು.

ಇದನ್ನೆಲ್ಲ ಓದುತ್ತಿದ್ದಾಗ ನನ್ನ ಮನಸ್ಸು ಸುಮ್ಮನೆ ಇಲ್ಲಿಗೆ ಜಾರುತ್ತದೆ. ನಮ್ಮಲ್ಲಿ ತಟ್ಟೆಯಿಂದ ಬಡತನ ಅಳೆಯಲು ಆಗುವುದಿಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬಿಸಿಯೂಟ ಕೊಡಬೇಕು ಎಂದು ಆದೇಶಿಸಿತು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಯಾರ ಹೆಸರೂ ಬೇರೆ ಪಟ್ಟಿಯಲ್ಲಿಲ್ಲ. ಮಾನ ಉಳಿಯಿತು, ಲೆಕ್ಕ ಹೋಯಿತು; ನನ್ನನ್ನು ಕೇಳಿದರೆ ಒಳ್ಳೆಯ ವ್ಯಾಪಾರ. ಇನ್ನು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದೆ ಸರದಿ ನಿಂತವರಿಗೆ, ಅದರ ಮೇಲೆ ಬರುವ ಅಂಕಿಯನ್ನು ಎಷ್ಟು ನಂಬಬಹುದು ಎಂದು ನಾನು ಹೇಳಬೇಕಾಗಿಲ್ಲ.

ಹಾಗಾಗಿ ನಾವೂ ನಕ್ಷೆಯನ್ನೇ ನೆಚ್ಚಿಕೊಂಡೆವು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ಹಿಂದುಳಿದಿವೆ ಎಂದಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಕೇಂದ್ರ ಸರ್ಕಾರ ಶಾಲೆಗಳಿಗೆಂದೇ ಇನ್ನೊಂದು ಅಳತೆ ತಂದಿತು. 2001ರ ಜನಗಣತಿಯಲ್ಲಿ ಗ್ರಾಮೀಣ ಮಹಿಳಾ ಸಾಕ್ಷರತೆ ರಾಷ್ಟ್ರದ ಸರಾಸರಿಯಾದ ಶೇ. 46.13ಕ್ಕಿಂತ ಕಡಿಮೆ ಇದ್ದು, ಗಂಡು ಹೆಣ್ಣಿನ ಸಾಕ್ಷರತೆಯ ಅಂತರ ಶೇ. 21.59ಕ್ಕಿಂತ ಹೆಚ್ಚಿದ್ದರೆ ಅದು ‘ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕ್’. 2004ರಲ್ಲಿ ಹುಟ್ಟಿದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಎಲ್ಲಿ ಆಗಬೇಕೆಂದು ನಿರ್ಧರಿಸಿದ್ದು ಈ ಎರಡು ಅಂಕಿ. ಹತ್ತು ಅಳತೆಯ ಲಂಡನ್ ತಕ್ಕಡಿಗೆ ಹೋಲಿಸಿದರೆ ತೀರ ಒರಟು, ಆದರೆ ಒಂದು ಸೊಗಸಿದೆ. ತಾಯಂದಿರ ಓದು ನೋಡಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಿದರು. ಅಳತೆಗೂ ಔಷಧಕ್ಕೂ ನಂಟಿತ್ತು. ವಸತಿಶಾಲೆ ಕಟ್ಟಡವಾದ್ದರಿಂದ ಅದಕ್ಕೆ ಜಾಗವೂ ಬೇಕು, ಜಾಗಕ್ಕೆ ನಕ್ಷೆ ಸಾಕು.

ಚಲಿಸುವವರ ವಿಷಯದಲ್ಲಿ ಮಾತ್ರ ನಕ್ಷೆ ಕೈಕೊಡುತ್ತದೆ. ಯಾದಗಿರಿ ಕಡೆಯ ಒಂದು ಸಂಸಾರ ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತದೆ. ಮಗು ಹುಟ್ಟಿದ ತಾಲ್ಲೂಕು ನಂಜುಂಡಪ್ಪ ವರದಿಯಲ್ಲಿದೆ, ಮಲಗುವ ತಗಡಿನ ಶೆಡ್ಡು ರಾಜ್ಯದ ಅತಿ ಮುಂದುವರಿದ ತಾಲ್ಲೂಕಿನಲ್ಲಿದೆ. ಹಿಂದುಳಿದ ತಾಲ್ಲೂಕಿನ ಅನುದಾನ ಊರಲ್ಲೇ ಉಳಿಯಿತು, ಮಗು ಬಂದ ಊರಲ್ಲಿ ಅಂಥ ಅನುದಾನವೇ ಇಲ್ಲ. ಇತ್ತ ಅದೇ ಹಿಂದುಳಿದ ತಾಲ್ಲೂಕಿನ ಪೇಟೆಯಲ್ಲಿ ಗೊಬ್ಬರದ ಅಂಗಡಿ ಸಾಹುಕಾರನ ಮಗ ಕಾನ್ವೆಂಟಿನ ಹಳದಿ ವ್ಯಾನು ಹತ್ತುತ್ತಾನೆ, ನಕ್ಷೆಯ ಪ್ರಕಾರ ಅವನೂ ಹಿಂದುಳಿದ ಪ್ರದೇಶದವನೇ.

ನಮ್ಮ ಹಳ್ಳಿ ಶಾಲೆಯ ಮೇಷ್ಟರು ಮಕ್ಕಳ ಗಣತಿಗೆ ಹೊರಡುವುದನ್ನು ನೋಡಿದವರು ಇರಬಹುದು. ಕೈಯಲ್ಲಿ ರಟ್ಟಿನ ಪ್ಯಾಡು, ಅದಕ್ಕೆ ಕ್ಲಿಪ್ಪು ಹಾಕಿದ ನಮೂನೆ. ಮನೆಯಲ್ಲಿ ಮಕ್ಕಳೆಷ್ಟು, ಎಷ್ಟನೇ ಈಯತ್ತೆ, ಶಾಲೆ ಬಿಟ್ಟದ್ದು ಯಾಕೆ. ಬೀಗ ಹಾಕಿದ ಬಾಗಿಲ ಮುಂದೆ ನಿಂತು ಪಕ್ಕದ ಮನೆಯವರನ್ನು ಕೇಳುತ್ತಾರೆ, ಇವರೆಲ್ಲಿ ಹೋದರವ್ವಾ? ದುಡಿಯಾಕ ಹೋಗ್ಯಾರ್ರೀ ಸರ, ಯುಗಾದಿಗೆ ಬರ್ತಾರ. ಮೇಷ್ಟರು ನಮೂನೆಯ ಕೊನೆಯ ಕಾಲಂನಲ್ಲಿ ‘ಗುಳೆ’ ಎಂದು ಬರೆದುಕೊಂಡು ಮುಂದಿನ ಮನೆಯ ಕಡೆ ನಡೆಯುತ್ತಾರೆ.